ಬೇಲಿಯ ತುರಚಿ ಮತ್ತು ಒಂದು ಚಿಟಿಕೆ ಸೋಡಾ

ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಶನಿವಾರ. ಎಂಟನೆಯ ತರಗತಿಯ ಮಕ್ಕಳನ್ನು ಶಾಲೆಯ ಹಿಂದಿನ ಬೇಲಿಯ ಬಳಿಗೆ ಕರೆದುಕೊಂಡು ಹೋಗಿದ್ದೆ. ಎಲೆಯ ಅಂಚು, ಎಲೆಗಳ ಜೋಡಣೆ ಇವನ್ನೆಲ್ಲ ಕಪ್ಪುಹಲಗೆಯ ಮೇಲೆ ಬರೆಯುವುದಕ್ಕಿಂತ ಬೇಲಿಯಲ್ಲೇ ತೋರಿಸುವುದು ಸುಲಭ. ಹತ್ತು ನಿಮಿಷವೂ ಆಗಿರಲಿಲ್ಲ, ಒಬ್ಬ ಹುಡುಗಿ ‘ಅಯ್ಯೋ!’ ಎಂದು ಕೈ ಒದರಿಕೊಂಡು ಹಿಂದೆ ಸರಿದಳು. ನೋಡನೋಡುತ್ತಿದ್ದಂತೆ ಮುಂಗೈ ಮೇಲೆ ಕೆಂಪು ದದ್ದು ಎದ್ದವು. ಚೇಳೇನಾದರೂ ಕುಟುಕಿತೋ ಎಂದು ನನಗೂ ಗಾಬರಿಯಾಯಿತು. ಪೊದೆ ಸರಿಸಿ ನೋಡಿದರೆ ಲಂಟಾನಕ್ಕೆ ಸುತ್ತಿಕೊಂಡಿದ್ದ ಒಂದು ಸಣಕಲು ಬಳ್ಳಿ. ತುರಚಿ!

ನಾನು ಮಾಡಿದ್ದೇನು ಗೊತ್ತೆ? ಅಡುಗೆ ಸೋಡಾ ತರಿಸಿ, ನೀರಿನಲ್ಲಿ ಕಲಸಿ, ಕೈಗೆ ಬಳಿದೆ. ಕುಟುಕುವ ಗಿಡದ ರೋಮದಲ್ಲಿ ಇರುವೆಯಲ್ಲಿರುವ ಫಾರ್ಮಿಕ್ ಆಮ್ಲವೇ ಇದೆ, ಅದಕ್ಕೆ ಪ್ರತ್ಯಾಮ್ಲ ಹಚ್ಚಿದರೆ ಉರಿ ಶಮನ ಎಂದು ಇಪ್ಪತ್ತೈದು ವರ್ಷದಿಂದ ಪಾಠ ಮಾಡಿದ ಮೇಷ್ಟ್ರಲ್ಲವೆ! ಕಾಲು ಗಂಟೆ ಕಳೆಯಿತು. ಹುಡುಗಿ ಕಣ್ಣೊರೆಸಿಕೊಂಡು ಕೇಳಿದಳು: ‘ಸಾರ್, ಆಮ್ಲ, ಪ್ರತ್ಯಾಮ್ಲ ಸೇರಿದರೆ ಲವಣ, ನೀರು ಆಗಬೇಕಲ್ಲ. ಮತ್ತೆ ಉರಿ ಯಾಕೆ ಹೋಗಿಲ್ಲ?’

ಮಕ್ಕಳೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ‘ಸೋಮವಾರ ಹೇಳುತ್ತೇನೆ’ ಎಂದೆ. ಆ ವಾರಾಂತ್ಯ ಓದಿ ತಿಳಿದದ್ದನ್ನು ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ನಮ್ಮ ಪಾಠದಲ್ಲಿ ಬರುತ್ತಿದ್ದ ಗಿಡ ‘ನೆಟಲ್’. ಅದು ಯೂರೋಪಿನ, ನಮ್ಮ ಹಿಮಾಲಯದ ತಂಪುಸೀಮೆಯ ಗಿಡ. ನಮ್ಮ ಬಯಲುಸೀಮೆಯ ಬೇಲಿಯಲ್ಲಿರುವುದು ಬೇರೆಯೇ ಕುಲದ್ದು. ತುರಚಿ, ತುರಚೆ, ತುರಿಕೆ ಬಳ್ಳಿ ಎಂದು ಊರಿಗೊಂದು ಹೆಸರು. ಸಂಸ್ಕೃತದಲ್ಲಿ ಚೇಳನ್ನು ನೆನೆದು ವೃಶ್ಚಿಕಾಳಿ ಎಂದರು. ಸಸ್ಯಶಾಸ್ತ್ರದಲ್ಲಿ ಟ್ರೇಜಿಯಾ ಇನ್‌ವೊಲ್ಯುಕ್ರೇಟಾ. ಟ್ರೇಜಿಯಾ ಎಂಬುದು 16ನೆಯ ಶತಮಾನದ ಜರ್ಮನ್ ಸಸ್ಯಜ್ಞ ಹೀರೋನಿಮಸ್ ಬಾಕ್ ಅವರ ನೆನಪಿಗೆ ಇಟ್ಟ ಹೆಸರು. ಬಾಕ್ ಎಂದರೆ ಅವರ ಭಾಷೆಯಲ್ಲಿ ಹೋತ. ಅದನ್ನೇ ಅವರು ಗ್ರೀಕಿನಲ್ಲಿ ಟ್ರಾಗಸ್ ಎಂದು ಮಾಡಿಕೊಂಡಿದ್ದರು. ಹೀಗೆ ನಮ್ಮ ಬೇಲಿಯ ಬಳ್ಳಿಗೆ ಹೋತದ ಹೆಸರು ಅಂಟಿತು.

ಗುರುತಿಸುವುದು ಕಷ್ಟವಲ್ಲ, ಮುಟ್ಟದೆ ನೋಡುವ ತಾಳ್ಮೆ ಬೇಕು. ಕೈಗೆ ಒಂದು ಉದ್ದನೆಯ ಕಡ್ಡಿ ತೆಗೆದುಕೊಳ್ಳಿ. ಬಳ್ಳಿ ದಾರದಷ್ಟು ತೆಳುವಾಗಿ ಪಕ್ಕದ ಗಿಡವನ್ನು ಸುತ್ತಿ ಹತ್ತುತ್ತದೆ. ತೊಂಡೆಬಳ್ಳಿಗಿರುವಂಥ ಸುರುಳಿತಂತು ಇದಕ್ಕಿಲ್ಲ. ಎಲೆ ಒಂದಾದ ಮೇಲೊಂದು, ಆಚೆಗೊಂದು ಈಚೆಗೊಂದು. ಎದುರುಬದುರು ಜೋಡಿಯಾಗಿ ಬರುವುದಿಲ್ಲ. ಎಲೆಯ ಅಂಚು ಗರಗಸ, ತುದಿ ಚೂಪು. ಕಡ್ಡಿಯಿಂದ ಎಲೆ ಹರಿದರೆ ಹಾಲು ಒಸರುವುದಿಲ್ಲ. ಅದೇ ಬೇಲಿಯಲ್ಲಿ ಹಬ್ಬುವ ಹಾಲುಕೊರಟಿಗೆಗೆ ಎಲೆ ಜೋಡಿಜೋಡಿ, ಮುರಿದರೆ ಹಾಲು. ಅಲ್ಲಿಗೆ ಎರಡೂ ಬೇರೆ ಎಂದು ತಿಳಿಯುತ್ತದೆ. ಇನ್ನು ಬೆಳಕಿಗೆ ಅಡ್ಡವಾಗಿ ನೋಡಿದರೆ ದಂಟು, ಎಲೆ, ಕಾಯಿಯ ಮೇಲೆಲ್ಲ ಬಿಳಿಯ ಬಿರುಸು ರೋಮ ಮಿನುಗುತ್ತದೆ.

ಆದರೆ ನಿಜವಾದ ರುಜು ಇರುವುದು ಕಾಯಿಯಲ್ಲಿ. ಕಡಲೆಕಾಳಿಗಿಂತ ತುಸು ದೊಡ್ಡದು, ಮೂರು ಉಬ್ಬು. ಕೆಳಗೆ ಬಾಚಣಿಗೆಯ ಹಲ್ಲಿನಂತೆ ಸೀಳಿದ ಪುಷ್ಪಪತ್ರಗಳು ನಕ್ಷತ್ರದ ಹಾಗೆ ಹರಡಿರುತ್ತವೆ. ಈ ಮೂರು ಉಬ್ಬಿನ ಕಾಯಿ ಎಲ್ಲಿ ನೋಡಿದ್ದೀರಿ? ಹರಳು ಗಿಡದಲ್ಲಿ! ಎರಡೂ ಯುಫೋರ್ಬಿಯೇಸಿ ಎಂಬ ಒಂದೇ ಕುಟುಂಬ. ನೆಟಲ್ ಗಿಡಕ್ಕೂ ನಮ್ಮ ತುರಚಿಗೂ ನೆಂಟಸ್ತಿಕೆಯೇ ಇಲ್ಲ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ನೆಟಲಿನ ರೋಮವನ್ನು ರಾಬರ್ಟ್ ಹುಕ್ 1665ರಲ್ಲೇ ಸೂಕ್ಷ್ಮದರ್ಶಕದಡಿ ನೋಡಿದ್ದ. ನೋಡುತ್ತ ತನ್ನ ಚರ್ಮಕ್ಕೇ ಚುಚ್ಚಿಸಿಕೊಂಡಿದ್ದ. ಅದರ ತುದಿ ಗಾಜಿನಂಥ ಸಿಲಿಕಾ. ತಗುಲಿದೊಡನೆ ಮುರಿದು, ಉಳಿದ ಭಾಗ ಡಾಕ್ಟರ ಸೂಜಿಯಂತೆ ಒಳಗಿನ ರಸವನ್ನು ಚರ್ಮಕ್ಕೆ ಇಳಿಸುತ್ತದೆ. ಆ ರಸದಲ್ಲಿ ಹಿಸ್ಟಮಿನ್, ಅಸಿಟೈಲ್‌ಕೋಲಿನ್ ಎಂಬ ವಸ್ತುಗಳಿವೆ ಎಂದು ಎಮ್ಮೆಲಿನ್, ಫೆಲ್ಡ್‌ಬರ್ಗ್ ಎಂಬಿಬ್ಬರು 1947ರಲ್ಲಿ ತೋರಿಸಿದರು. ನಾನು ಹುಟ್ಟುವ ಮೊದಲೇ ಫಾರ್ಮಿಕ್ ಆಮ್ಲದ ಕಥೆ ಅಲುಗಾಡಿತ್ತು, ನಾನು ಮಾತ್ರ ಹೇಳುತ್ತಲೇ ಇದ್ದೆ.

ತುರಚಿಯ ಆಯುಧ ಬೇರೆ. ಅದರ ರೋಮದ ನಡುವಿನ ಕೋಶದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಒಂದು ಹರಳು ಈಟಿಯ ಹಾಗೆ ನಿಂತಿರುತ್ತದೆ, ಸುತ್ತ ಬೇರೆ ಕೋಶಗಳ ಕಾವಲು. ನಮ್ಮ ಕೈ ಒತ್ತಿದಾಗ ಈಟಿ ಹೊರಗೆ ಬಂದು ಚರ್ಮ ತೂರುತ್ತದೆ. ಹರಳಿನ ಮೈಯಲ್ಲಿರುವ ಗಾಡಿಯಂಥ ಗೀರಿನ ಗುಂಟ ರಸ ಒಳಗಿಳಿಯುತ್ತದೆ. ನಾನು ಬಳಿದ ಸೋಡಾ ಚರ್ಮದ ಮೇಲೆ ಉಳಿಯಿತು, ಉರಿ ಇದ್ದದ್ದು ಚರ್ಮದ ಒಳಗೆ. ಕೆಸು, ಸುವರ್ಣಗೆಡ್ಡೆ ಗಂಟಲು ಕೆರೆಸುವುದೂ ಇದೇ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿಂದ. ಪತ್ರೊಡೆ ಮಾಡುವ ತಾಯಂದಿರು ಅದಕ್ಕೆ ಹಾಕುವುದು ಹುಣಸೆಹುಳಿಯನ್ನು, ಸೋಡಾವನ್ನಲ್ಲ. ಆಮ್ಲದ ಪಾಠ ಮಾಡಿದ ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

ನಸುಗುನ್ನಿಯನ್ನೂ ಕೆಲವರು ತುರಚಿ ಎನ್ನುವುದುಂಟು. ಅದು ಅವರೆಯ ಬಳಗ; ಮೂರೆಲೆ, ನೇರಳೆ ಹೂವಿನ ಗೊಂಚಲು, ಚಿನ್ನದ ಬಣ್ಣದ ಮಖಮಲ್ಲಿನಂಥ ರೋಮ ಹೊದ್ದ ಬಾಗಿದ ಕಾಯಿ. ತುರಿಕೆ ಎಲೆಯಲ್ಲಿಲ್ಲ, ಆ ಕಾಯಿಯ ರೋಮದಲ್ಲಿ. ಅದರ ಮ್ಯೂಕುನೇನ್ ಎಂಬ ಕಿಣ್ವ ತುರಿಕೆ ತರಿಸುತ್ತದೆ. ರೋಮ ಉದುರಿ ಗಾಳಿಯಲ್ಲೂ ಬರುವುದರಿಂದ ಕಣ್ಣಿಗೆ ಅಪಾಯ. ನಮ್ಮ ಕಾಲದ ಹುಡುಗರು ಮೇಷ್ಟ್ರ ಕುರ್ಚಿಗೆ ಅದನ್ನು ಉದುರಿಸುತ್ತಿದ್ದರು. ನಾನು ಉದುರಿಸಿದ್ದೆನೇ ಎಂದು ಮಾತ್ರ ಕೇಳಬೇಡಿ.

ಪೋಷಕರಿಗೆ ಒಂದು ಮಾತು. ತುರಚಿ ತಗುಲಿದರೆ ಉಜ್ಜಬೇಡಿ, ಕೆರೆಯಲು ಬಿಡಬೇಡಿ. ರೋಮ ಇನ್ನೂ ಒಳಹೋಗುತ್ತದೆ. ಅಂಟುಪಟ್ಟಿಯನ್ನು ಮೆಲ್ಲಗೆ ಒತ್ತಿ ಕೀಳಿ, ಮೇಲುಳಿದ ರೋಮ ಅದಕ್ಕೆ ಅಂಟಿಕೊಂಡು ಬರುತ್ತದೆ. ಆಮೇಲೆ ಸೋಪುನೀರಿನಲ್ಲಿ ತೊಳೆದು ತಣ್ಣೀರ ಬಟ್ಟೆ ಇಡಿ. ಸುಣ್ಣ ಬಳಿಯುವ ರೂಢಿ ಕೆಲವೆಡೆ ಇದೆ, ಎಳೆಯ ಚರ್ಮ ಅದರಿಂದಲೇ ಸುಡುತ್ತದೆ, ಬೇಡ. ಮುಖ ಊದಿದರೆ, ಉಸಿರು ಕಟ್ಟಿದಂತಾದರೆ, ಕಣ್ಣಿಗೆ ತಗುಲಿದ್ದರೆ ಮನೆಮದ್ದಿನ ಗೊಡವೆಗೆ ಹೋಗದೆ ವೈದ್ಯರ ಬಳಿಗೆ ನಡೆಯಿರಿ.

ಸೋಮವಾರ ಇದನ್ನೆಲ್ಲ ತರಗತಿಯಲ್ಲಿ ಹೇಳಿದೆ. ‘ನಾನು ಹೇಳಿಕೊಟ್ಟದ್ದು ತಪ್ಪು’ ಎಂಬ ಮಾತು ಬಾಯಿಂದ ಬರಲು ಸ್ವಲ್ಪ ಹೊತ್ತು ಹಿಡಿಯಿತು, ಬಂತು. ಅಷ್ಟರಲ್ಲಿ ಇಬ್ಬರು ತಂದೆಯರು ಬಂದಿದ್ದರು. ಬೇಲಿಗೆ ಪೂರ್ತಿ ಕಳೆನಾಶಕ ಹೊಡೆಸಬೇಕೆಂದು ಅವರ ಪಟ್ಟು. ಅವರ ಸಿಟ್ಟು ನ್ಯಾಯವಾದದ್ದೇ. ಬೇಲಿಗೆ ಕರೆದೊಯ್ಯುವ ಮೊದಲು ನಾನು ಗಿಡಗಳನ್ನು ನೋಡಿಕೊಂಡಿರಬೇಕಿತ್ತು. ಒಪ್ಪಿಕೊಂಡೆ. ಮುಖ್ಯೋಪಾಧ್ಯಾಯರನ್ನೂ ಸೇರಿಸಿ ಅವರನ್ನು ಬೇಲಿಯ ಬಳಿಗೇ ಕರೆದೊಯ್ದೆ.

ಅಲ್ಲಿ ಕಡ್ಡಿಯಿಂದ ಎಲೆ ಎತ್ತಿದರೆ ಅಡಿಯಲ್ಲಿ ಒಂದು ಮುಳ್ಳುಮೈಯ ಹುಳು, ಆ ಉರಿಯುವ ಎಲೆಯನ್ನೇ ನೆಮ್ಮದಿಯಾಗಿ ಮೇಯುತ್ತಿತ್ತು! ರೆಕ್ಕೆಯ ಮೇಲೆ ಅಲೆಅಲೆಯಾದ ಕಪ್ಪುಗೆರೆ ಇರುವ ಕಂದು ಚಿಟ್ಟೆಯೊಂದಿದೆ, ಇಂಗ್ಲಿಷಿನಲ್ಲಿ ‘ಕಾಮನ್ ಕ್ಯಾಸ್ಟರ್’. ಅದರ ಮರಿಗಳಿಗೆ ಆಹಾರ ಹರಳೆಲೆ ಅಥವಾ ತುರಚಿ. ಎರಡೂ ಒಂದೇ ಕುಟುಂಬ ಎಂಬುದು ಕಾಯಿ ಬಿಡಿಸಿ ನೋಡದ ಚಿಟ್ಟೆಗೂ ತಿಳಿದಿದೆ.

ಕಡೆಗೆ ಕಾಲುದಾರಿಯ ಪಕ್ಕದ ತುರಚಿಯನ್ನಷ್ಟೇ ಕುಡುಗೋಲಿನಿಂದ ಸವರಿಸಿದೆವು. ಉಳಿದದ್ದು ಹಿಂದಿನ ಮೂಲೆಯಲ್ಲಿದೆ, ಮುಂದೆ ಮಕ್ಕಳು ಬರೆದ ಒಂದು ಹಲಗೆ. ಹೊಸದಾಗಿ ಸೇರಿದ ಮಕ್ಕಳಿಗೆ ಉದ್ದನೆಯ ಕಡ್ಡಿ ಹಿಡಿದು ಎಲೆ ಎತ್ತಿ ತೋರಿಸುವ ಕೆಲಸವನ್ನು ಆ ಹುಡುಗಿಯೇ ವಹಿಸಿಕೊಂಡಿದ್ದಾಳೆ. ‘ಸೋಡಾ ಹಾಕಿದರೆ ಹೋಗಲ್ಲ’ ಎಂದು ಹೇಳುವಾಗ ಒಮ್ಮೆ ನನ್ನ ಕಡೆ ನೋಡಿ ನಗುತ್ತಾಳೆ.