ಇನ್ನೊಂದು ವರ್ಷ ನೋಡೋಣ ಅನ್ನಬೇಡಿ

“ಗಂಡು ಹುಡುಗ ಅಲ್ವಾ, ಮಾತು ಸ್ವಲ್ಪ ತಡ. ಅವರಪ್ಪನೂ ನಾಲ್ಕು ತುಂಬಿದ ಮೇಲೇ ಬಾಯಿ ಬಿಟ್ಟಿದ್ದು.”

ಈ ಮಾತು ಹೇಳದ ಅಜ್ಜಿ ನಮ್ಮ ರಾಜ್ಯದಲ್ಲಿ ಇರಲಿಕ್ಕಿಲ್ಲ. ಅಜ್ಜಿ ಹೇಳಿದರೆ ಬಿಡಿ, ಅದು ಅಕ್ಕರೆಯ ಮಾತು. ಸ್ಟೆತಸ್ಕೋಪ್ ನೇತುಹಾಕಿಕೊಂಡವರೂ ಇದನ್ನೇ ಹೇಳಿ ಕಳಿಸುತ್ತಾರಲ್ಲ, ಸಿಟ್ಟು ಬರುವುದು ಅಲ್ಲಿ. ಒಂದೂವರೆ ವರ್ಷದ ಮಗು ಕರೆದರೆ ಓಗೊಡುವುದಿಲ್ಲ ಎಂದು ತಾಯಿ ಹೇಳುತ್ತಾಳೆ. ಡಾಕ್ಟರು ಮಗುವಿನ ಬೆನ್ನ ಹಿಂದೆ ಒಂದು ಚಪ್ಪಾಳೆ ತಟ್ಟುತ್ತಾರೆ. ಮಗು ತಿರುಗುತ್ತದೆ. “ನೋಡಿ, ಕಿವಿ ಚೆನ್ನಾಗೇ ಇದೆ. ಇನ್ನೊಂದು ವರ್ಷ ನೋಡೋಣ.”

ಮಗು ತಿರುಗಿದ್ದು ಯಾಕೆ ಎಂದು ಯಾರೂ ಕೇಳುವುದಿಲ್ಲ. ಚಪ್ಪಾಳೆಯ ಗಾಳಿ ಕತ್ತಿಗೆ ತಾಗಿರಬಹುದು, ಗೋಡೆಯ ಮೇಲೆ ನೆರಳು ಆಡಿರಬಹುದು, ಎದುರಿಗೆ ಕೂತ ಅಮ್ಮನ ಕಣ್ಣು ಡಾಕ್ಟರ ಕೈಯ ಕಡೆ ಹೋದದ್ದನ್ನು ಮಗು ಹಿಂಬಾಲಿಸಿರಬಹುದು. ಮನೆಯಲ್ಲಿ ಸ್ಟೀಲ್ ತಟ್ಟೆ ಬಡಿದು ನೋಡುವ ಪರೀಕ್ಷೆಯ ಹಣೆಬರಹವೂ ಇಷ್ಟೇ. ತಟ್ಟೆ ನೆಲಕ್ಕೆ ಬಿದ್ದರೆ ಅಂಗಾಲಿಗೂ ಗೊತ್ತಾಗುತ್ತದೆ. ಇನ್ನು ಕೆಲವು ಮಕ್ಕಳಿಗೆ ದಪ್ಪ ಸದ್ದುಗಳು ನಿಜವಾಗಿಯೂ ಕೇಳುತ್ತವೆ. ಗುಡುಗು, ಲಾರಿ ಹಾರ್ನು, ಊರಹಬ್ಬದ ತಮಟೆ. ಕೇಳದೆ ಹೋಗುವುದು ‘ಸ’, ‘ಶ’, ‘ತ’ಗಳಂಥ ತೆಳ್ಳನೆಯ ದನಿಗಳು, ಅಂದರೆ ಮಾತನ್ನು ಮಾತಾಗಿಸುವ ದನಿಗಳು. ಅಂಥ ಮಗು ನೂರು ಸಲ ತಮಟೆಗೆ ತಿರುಗಿ, ನೂರು ಸಲ ಮನೆಯವರಿಗೆ ಸಮಾಧಾನ ಕೊಟ್ಟು, ಕೊನೆಗೆ ಮೂರು ವರ್ಷ ದಾಟಿಸಿಬಿಡುತ್ತದೆ. ಅಷ್ಟರಲ್ಲಿ ನಾಲಿಗೆಗೆ ಬಜೆ ತೇಯ್ದು ಹಚ್ಚಿ ಆಗಿರುತ್ತದೆ. ನಾಲಿಗೆಯಲ್ಲಿ ಒಂದಿಷ್ಟೂ ಊನವಿಲ್ಲದ ಮಗುವಿನ ನಾಲಿಗೆಗೆ ಮದ್ದು! ಸೌತಡ್ಕದ ಬಯಲು ಗಣಪನಿಗೆ ಗಂಟೆ ಕಟ್ಟುವ ಹರಕೆ ಹೊತ್ತರೂ ನನ್ನ ತಕರಾರಿಲ್ಲ. ಗಂಟೆ ಕೊಳ್ಳುವ ಮೊದಲು ಕಿವಿ ತೋರಿಸಿ, ಅಷ್ಟೇ.

ಇಷ್ಟು ಅವಸರ ಯಾಕೆ ಎನ್ನುತ್ತೀರಾ? ಹೊಟ್ಟೆಯಲ್ಲಿರುವಾಗಲೇ, ಆರನೇ ತಿಂಗಳ ಆಸುಪಾಸಿನಿಂದ, ಕೂಸು ಸದ್ದಿಗೆ ಸ್ಪಂದಿಸುತ್ತದೆ. ಹುಟ್ಟಿದ ಮೇಲಿನ ಮೊದಲ ಎರಡು ಮೂರು ವರ್ಷಗಳಲ್ಲಿ ಮಿದುಳು ಭಾಷೆಗಾಗಿ ಜಾಗ ಹದಮಾಡಿಕೊಳ್ಳುತ್ತದೆ. ಆಗ ಭಾಷೆಯೇ ಬಂದು ತಲುಪದಿದ್ದರೆ ಆ ಜಾಗ ಬೇರೆ ಕೆಲಸಕ್ಕೆ ಹೋಗಿಬಿಡುತ್ತದೆ. ಅಮೆರಿಕದ ಕೊಲರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗಾ-ಇಟಾನೊ ಮತ್ತು ಅವರ ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದವರಿಗೆಲ್ಲ ಬಾಯಿಪಾಠ. ಆರು ತಿಂಗಳೊಳಗೆ ಶ್ರವಣದೋಷ ಗೊತ್ತಾಗಿ ನೆರವು ಸಿಕ್ಕ ಮಕ್ಕಳು ಆಮೇಲೆ ಗೊತ್ತಾದವರಿಗಿಂತ ಭಾಷೆಯಲ್ಲಿ ಸ್ಪಷ್ಟವಾಗಿ ಮುಂದಿದ್ದರು. ದೋಷ ಎಷ್ಟು ತೀವ್ರ, ಮನೆಯವರ ಓದು-ಆದಾಯ ಎಷ್ಟು ಎಂಬುದನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ಆ ಅಂತರ ಅಳಿಯಲಿಲ್ಲ. ಹಾಗಾಗಿಯೇ ಒಂದು-ಮೂರು-ಆರು ಎಂಬ ಲೆಕ್ಕ ಚಾಲ್ತಿಗೆ ಬಂತು: ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ಖಚಿತ ನಿದಾನ, ಆರರೊಳಗೆ ನೆರವು. ನಾವು “ಇನ್ನೊಂದು ವರ್ಷ ನೋಡೋಣ” ಎನ್ನುವುದು ಈ ಲೆಕ್ಕದ ಎದುರು.

ಕಣ್ಣಿಗೆ ಕಾಣುವ ದೋಷವಾಗಿದ್ದರೆ ಹೀಗಾಗುತ್ತಿರಲಿಲ್ಲ. ಕಿವಿ ಕೇಳದ ಕೂಸು ಎಲ್ಲ ಕೂಸುಗಳ ಹಾಗೇ ಮುದ್ದಾಗಿರುತ್ತದೆ, ನಗುತ್ತದೆ, ಮೊದಲ ಕೆಲವು ತಿಂಗಳು ಎಲ್ಲರಂತೆ ಗೂಗೂ ಎನ್ನುತ್ತದೆ. ಬರಿಗಣ್ಣಿಗೆ ಗೊತ್ತಾಗುವ ಮಾತಲ್ಲ. ಅದಕ್ಕೇ ಯಂತ್ರ ಬೇಕು, ಮತ್ತು ಯಂತ್ರ ಇದೆ. 1978ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಕೆಂಪ್ ಎಂಬ ವಿಜ್ಞಾನಿ ಆರೋಗ್ಯವಂತ ಕಿವಿ ಸದ್ದನ್ನು ಬರೀ ಕೇಳಿಸಿಕೊಳ್ಳುವುದಿಲ್ಲ, ತಾನೂ ಸಣ್ಣಗೆ ಸದ್ದು ಹೊರಡಿಸುತ್ತದೆ ಎಂದು ತೋರಿಸಿದರು. ಒಳಗಿವಿಯ ಹೊರಸಾಲಿನ ಕೂದಲು ಕೋಶಗಳು ಕುಣಿದು ಹುಟ್ಟಿಸುವ ಮರುದನಿ ಅದು. ಇಂದಿನ ಓಎಇ ಯಂತ್ರ ನಿಂತಿರುವುದು ಈ ಮರುದನಿಯ ಮೇಲೆ.

ಪರೀಕ್ಷೆ ನಡೆಯುವುದನ್ನು ನೋಡಿದರೆ ಇಷ್ಟೇನಾ ಅನಿಸುತ್ತದೆ. ಹಾಲು ಕುಡಿದು ನಿದ್ದೆಹೋದ ಕೂಸು ತಾಯಿಯ ಮಡಿಲಲ್ಲಿರುತ್ತದೆ. ಆಡಿಯಾಲಜಿಸ್ಟ್ ಕಿರುಬೆರಳ ತುದಿಗಿಂತ ಚಿಕ್ಕದಾದ ಮೆತ್ತನೆಯ ಬಿರಡೆಯೊಂದನ್ನು ಕಿವಿಯೊಳಗೆ ಮೆಲ್ಲಗೆ ಕೂರಿಸುತ್ತಾರೆ. ಒಳಗೆ ಟಿಕ್‌ಟಿಕ್ ಸದ್ದು ಹೋಗುತ್ತದೆ, ಮರುದನಿ ವಾಪಸು ಬರುತ್ತದೆ, ಪರದೆಯ ಮೇಲೆ ‘ಪಾಸ್’ ಅಥವಾ ‘ರೆಫರ್’, ಅಂದರೆ ಇನ್ನೊಮ್ಮೆ ಪರೀಕ್ಷಿಸಿ. ಎಲ್ಲ ಸರಿಯಿದ್ದರೆ ಕಿವಿಗೊಂದೆರಡು ನಿಮಿಷ. ಎಲ್ಲ ಸರಿಯಿರುವುದಿಲ್ಲ, ಅದು ಬೇರೆ. ವಾರ್ಡಿನ ಫ್ಯಾನು ಗುರ್ರೆನ್ನುತ್ತದೆ, ಪಕ್ಕದ ಮಂಚದ ನೆಂಟರು ಫೋನಿನಲ್ಲಿ ಕೂಗುತ್ತಾರೆ, ಯಂತ್ರ ಗದ್ದಲವೆಂದು ಮುನಿಯುತ್ತದೆ, ಕೂಸು ಎದ್ದು ಅಳುತ್ತದೆ, ಮತ್ತೆ ಹಾಲು, ಮತ್ತೆ ನಿದ್ದೆಗೆ ಕಾಯುವುದು. ಹುಟ್ಟಿದ ದಿನವೇ ನೋಡಿದರೆ ಕಿವಿಯಲ್ಲಿ ಉಳಿದ ಬಿಳಿ ಜಿಡ್ಡಿನಿಂದಾಗಿ ಚೆನ್ನಾಗಿರುವ ಕಿವಿಯೂ ‘ರೆಫರ್’ ಬರಬಹುದು. ಆದ್ದರಿಂದ ಒಂದೆರಡು ದಿನ ಬಿಟ್ಟು ನೋಡುವುದು ಲೇಸು, ‘ರೆಫರ್’ ಬಂದವರನ್ನು ಮರಳಿ ಕರೆಸುವುದು ಕಡ್ಡಾಯ. ಮರಳಿ ಕರೆಸುವುದರಲ್ಲೇ ನಾವು ಸೋಲುತ್ತಿರುವುದು. ‘ರೆಫರ್’ ಎಂಬ ಚೀಟಿ ಡಿಸ್ಚಾರ್ಜ್ ಕಾಗದಗಳ ನಡುವೆ ಸೇರಿ, ಬಾಣಂತನದ ಗಡಿಬಿಡಿಯಲ್ಲಿ ತವರುಮನೆಯ ಕಪಾಟು ಸೇರುತ್ತದೆ.

ಹೇಳಿ, ಇದು ಆಗದ ಕೆಲಸವೇ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಅಂದರೆ ಹತ್ತಿರಹತ್ತಿರ ಎಲ್ಲ ಕೂಸುಗಳೂ ಒಂದೆರಡು ದಿನವಾದರೂ ನಮ್ಮ ಕೈಯಲ್ಲೇ ಇರುತ್ತವೆ. ಮನೆಗೆ ಹೋದ ಮೇಲೂ ಕೈತಪ್ಪುವುದಿಲ್ಲ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ಕೂಸನ್ನು ನೋಡಬೇಕೆಂಬ ನಿಯಮವಿದೆ. 6, 10 ಮತ್ತು 14ನೇ ವಾರ ಚುಚ್ಚುಮದ್ದಿಗೆ ಕೂಸು ತಾನಾಗಿಯೇ ಬರುತ್ತದೆ. ಮೂರು ತಿಂಗಳೊಳಗೆ ನಿದಾನವಾಗಬೇಕೆಂಬ ಲೆಕ್ಕಕ್ಕೆ ಇದಕ್ಕಿಂತ ಒಪ್ಪುವ ಪಂಚಾಂಗ ಯಾರು ಬರೆದುಕೊಡಬೇಕು? ಶ್ರವಣದೋಷ ತಡೆಗೆ ರಾಷ್ಟ್ರೀಯ ಕಾರ್ಯಕ್ರಮ 2006-07ರಲ್ಲೇ ಶುರುವಾಯಿತು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ಕಿವುಡುತನ ಇದೆ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ದೇಶವೇ ತಿರುಗಿ ನೋಡುವ ‘ಆಯಿಷ್’ ನಮ್ಮ ಅಂಗಳದಲ್ಲಿದೆ, ಅಲ್ಲಿ ಕಲಿತ ಎಷ್ಟೋ ಮಂದಿ ಹೊರದೇಶದ ಆಸ್ಪತ್ರೆಗಳಲ್ಲಿ ಕೂಸುಗಳ ಕಿವಿ ಪರೀಕ್ಷಿಸುತ್ತಿದ್ದಾರೆ. ನ್ಯೂಜೆರ್ಸಿಯಲ್ಲಿ ಹುಟ್ಟಿದ ಕನ್ನಡದ ಕೂಸಿಗೆ ಆಸ್ಪತ್ರೆ ಬಿಡುವ ಮೊದಲೇ ಈ ಪರೀಕ್ಷೆ ಆಗಿರುತ್ತದೆ. ಅದರ ಚಿಕ್ಕಮ್ಮ ದೇವದುರ್ಗದಲ್ಲಿ ಹೆತ್ತ ಕೂಸಿಗೆ? ನಮ್ಮ ಹೆಚ್ಚಿನ ಹೆರಿಗೆ ವಾರ್ಡುಗಳಲ್ಲಿ ಇದು ಇನ್ನೂ ದಿನದ ಕೆಲಸವಾಗಿಲ್ಲ. ಸಾವಿರ ಕೂಸುಗಳಲ್ಲಿ ಒಂದರಿಂದ ಮೂರಕ್ಕೆ ಗಣನೀಯ ಶ್ರವಣದೋಷ ಇರುತ್ತದೆ ಎಂಬುದು ಜಗತ್ತಿನೆಲ್ಲೆಡೆ ಒಪ್ಪಿದ ಅಂದಾಜು. ವರ್ಷಕ್ಕೆ ಸುಮಾರು ಹತ್ತು ಲಕ್ಷ ಹೆರಿಗೆಯಾಗುವ ರಾಜ್ಯದಲ್ಲಿ ಅದು ಎಷ್ಟು ಮಕ್ಕಳು ಎಂದು ನೀವೇ ಗುಣಿಸಿಕೊಳ್ಳಿ.

ಇನ್ನು ಕಾರಣಗಳ ಮಾತು. ಮಗುವಿಗೆ ಕೇಳುವುದಿಲ್ಲ ಎಂದು ಗೊತ್ತಾದ ಸಂಜೆಯೇ ಮನೆಯಲ್ಲಿ ವಿಚಾರಣೆ ಶುರುವಾಗುತ್ತದೆ, ಕಟಕಟೆಯಲ್ಲಿ ನಿಲ್ಲುವವಳು ಒಬ್ಬಳೇ. “ಗ್ರಹಣದ ಹೊತ್ತಲ್ಲಿ ಹೊರಗೆ ಬಂದಿದ್ದಳಂತೆ.” “ಅವರ ಮನೆತನದಲ್ಲೇ ಇತ್ತೇನೋ.” ಈ ನಾಚಿಕೆಗೇಡಿನ ಮಾತನ್ನು ನಿಲ್ಲಿಸಲು ವಿಜ್ಞಾನ ಸಾಕಷ್ಟು ಕೊಟ್ಟಿದೆ. ಹುಟ್ಟು ಶ್ರವಣದೋಷದ ದೊಡ್ಡ ಪಾಲು ವಂಶವಾಹಿಯದು. ಅದರಲ್ಲೂ ಹೆಚ್ಚಿನವು ತಂದೆ ಮತ್ತು ತಾಯಿ ಇಬ್ಬರಿಂದಲೂ ಒಂದೊಂದು ದೋಷಪೂರಿತ ಪ್ರತಿ ಬಂದಾಗಲೇ ಕಾಣಿಸಿಕೊಳ್ಳುತ್ತವೆ. ಶ್ರವಣದೋಷಕ್ಕೆ ಕಾರಣವೆಂದು 1997ರಲ್ಲಿ ಗುರುತಿಸಿದ ಕನೆಕ್ಸಿನ್ 26 ವಂಶವಾಹಿಯ ದೋಷ ಅಂಥದ್ದು. ಅಪ್ಪ ಅಮ್ಮ ಇಬ್ಬರಿಗೂ ಕಿವಿ ಚೆನ್ನಾಗಿ ಕೇಳುತ್ತದೆ, ಆದರೂ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಕಿವಿ ಕೇಳದ ಮಕ್ಕಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯ ತಂದೆತಾಯಿಗೆ ಕಿವಿ ಕೇಳುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟು ತರುವ ಸಂಬಂಧಗಳು ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು. ಒಂದೇ ರಕ್ತದವರಲ್ಲಿ ಒಂದೇ ಬಗೆಯ ಪ್ರತಿ ಇರುವ ಸಂಭವ ಜಾಸ್ತಿ. ಆ ಸಂಬಂಧ ಕುದುರಿಸಿದವರು ಜಗಲಿಯಲ್ಲಿ ಕೂತ ಹಿರಿಯರು. ಬೈಸಿಕೊಳ್ಳುವವಳು ಮಾತ್ರ ಸೊಸೆ.

ತಡೆಯಬಹುದಾದ ಕಾರಣಗಳೂ ಇವೆ, ಅವೇ ನಮ್ಮನ್ನು ಚುಚ್ಚಬೇಕಾದವು. 1941ರಲ್ಲಿ ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಕಣ್ಣಿನ ಪೊರೆಯೊಡನೆ ಹುಟ್ಟಿದ ಕೂಸುಗಳ ತಾಯಂದಿರಿಗೆ ಬಸುರಿನ ಆರಂಭದಲ್ಲಿ ರುಬೆಲ್ಲಾ ಬಂದಿತ್ತೆಂದು ಪತ್ತೆಮಾಡಿದರು. ಅದೇ ಸೋಂಕು ಕಿವಿಯನ್ನೂ ಕೆಡಿಸುತ್ತದೆಂದು ಬೇಗನೆ ತಿಳಿಯಿತು. ಅವರ ಕೋಣೆಯ ಹೊರಗೆ ಕಾಯುತ್ತಿದ್ದ ತಾಯಂದಿರ ಮಾತುಕತೆಯಿಂದಲೇ ಸುಳಿವು ಸಿಕ್ಕಿತು ಎನ್ನುತ್ತಾರೆ. ಚಪ್ಪಾಳೆ ತಟ್ಟಿ ಮಗುವನ್ನು ಮನೆಗೆ ಕಳಿಸುವವರು ತಾಯಂದಿರ ಮಾತನ್ನು ಕೇಳಿಸಿಕೊಂಡ ಆ ವೈದ್ಯರನ್ನು ಒಮ್ಮೆ ನೆನೆಯಲಿ. ಭಾರತ ದಡಾರ-ರುಬೆಲ್ಲಾ ಲಸಿಕಾ ಅಭಿಯಾನವನ್ನು 2017ರ ಫೆಬ್ರವರಿಯಲ್ಲಿ ಆರಂಭಿಸಿದಾಗ ಮೊದಲ ಕಂತಿನಲ್ಲೇ ಕರ್ನಾಟಕವಿತ್ತು. ಆಗ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಸುಳ್ಳುಗಳೂ ನೆನಪಿವೆ. ಒಂದು ಚುಚ್ಚುಮದ್ದನ್ನು ಹೆದರಿಸಿ ತಪ್ಪಿಸಿದವರು ಮುಂದೆ ಹುಟ್ಟಲಿರುವ ಕೂಸಿನ ಕಿವಿಗೆ ಕೈಹಾಕಿದ್ದಾರೆ. ಹಾಗೆಯೇ ಹುಟ್ಟಿದ ಕೂಡಲೆ ಏರುವ ಕಾಮಾಲೆ, ತಿಂಗಳು ತುಂಬುವ ಮೊದಲೇ ಹುಟ್ಟುವುದು, ಮಿದುಳಿನ ಪೊರೆಯ ಸೋಂಕು, ಜೆಂಟಾಮೈಸಿನ್‌ನಂಥ ಔಷಧಿಗಳೂ ಕಿವಿ ಕೆಡಿಸಬಲ್ಲವು. ಬೆಳೆದ ಮಕ್ಕಳಲ್ಲಿ ಸೋರುವ ಕಿವಿ. ಸೋರುವ ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವುದನ್ನು ದಯವಿಟ್ಟು ನಿಲ್ಲಿಸಿ.

ಕಾಮಾಲೆ ಹೆಚ್ಚಾಗಿದ್ದ, ತೀವ್ರ ನಿಗಾ ಘಟಕದಲ್ಲಿದ್ದ ಕೂಸುಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಅವುಗಳಲ್ಲಿ ಕೆಲವಕ್ಕೆ ಒಳಗಿವಿಯ ಕೋಶಗಳು ಸರಿಯಿದ್ದು, ಅಲ್ಲಿಂದ ಮಿದುಳಿಗೆ ಹೋಗುವ ನರದ ದಾರಿ ಕೆಟ್ಟಿರುತ್ತದೆ. ಓಎಇ ಯಂತ್ರ ‘ಪಾಸ್’ ಎನ್ನುತ್ತದೆ, ಮಗುವಿಗೆ ಮಾತು ತಿಳಿಯುವುದಿಲ್ಲ. ಹಣೆಗೂ ಕಿವಿಯ ಹಿಂದೂ ಎಲೆಕ್ಟ್ರೋಡ್ ಅಂಟಿಸಿ ನರದ ಪ್ರತಿಕ್ರಿಯೆ ಅಳೆಯುವ ಎಬಿಆರ್ ಪರೀಕ್ಷೆಯೇ ಇಲ್ಲಿ ಬೇಕು. 2024ರ ಜನವರಿಯಲ್ಲಿ ಶಾಂಘಾಯ್‌ನ ಫುದಾನ್ ವಿಶ್ವವಿದ್ಯಾಲಯದ ತಂಡ ಇದೇ ಬಗೆಯ ತೊಂದರೆ ತರುವ ಓಟೋಫರ್ಲಿನ್ ಎಂಬ ವಂಶವಾಹಿಯ ದೋಷವಿದ್ದ ಆರು ಮಕ್ಕಳ ಕಿವಿಗೆ ಜೀನ್ ಚಿಕಿತ್ಸೆ ಮಾಡಿ, ಐವರಲ್ಲಿ ಶ್ರವಣ ಮರಳಿದ್ದನ್ನು ‘ದಿ ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿತು. ಜಗತ್ತು ಬೆರಗಾಯಿತು. ಎಳವೆಯಲ್ಲಿ ಓಎಇ ಒಂದನ್ನೇ ಮಾಡಿದರೆ ‘ಪಾಸ್’ ಆಗಿಹೋಗಬಹುದಾದ ಮಕ್ಕಳು ಇವರೇ. ನಾಳೆಯ ಮದ್ದು ಯಾರಿಗೆ ಬೇಕೋ ಅವರನ್ನೇ ನಾವು ಇಂದು ಗುರುತಿಸದೆ ಮನೆಗೆ ಕಳಿಸುತ್ತಿರಬಹುದು.

ಪತ್ತೆಯಾದ ಮೇಲೆ ಏನು? ಸರಕಾರ ಏನೂ ಮಾಡಿಲ್ಲ ಎನ್ನುವುದು ಸುಳ್ಳಾಗುತ್ತದೆ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ, ಒಳಗಿವಿಗೆ ಕೂರಿಸುವ ಯಂತ್ರವಾದ ಕಾಕ್ಲಿಯರ್ ಇಂಪ್ಲಾಂಟ್‌ಗೆ ನೆರವಿದೆ. ರಾಜ್ಯದ ‘ಶ್ರವಣ ಸಂಜೀವಿನಿ’ ಯೋಜನೆ ಇದೆ. ಆಪರೇಷನ್ ಆದ ದಿನ ಫೋಟೊ ತೆಗೆಯಲು ಎಲ್ಲರೂ ಇರುತ್ತಾರೆ. ಎರಡು ವರ್ಷ ಬಿಟ್ಟು ಕಿವಿಯ ಹೊರಗೆ ತೊಡುವ ಪ್ರೊಸೆಸರ್‌ನ ಕೇಬಲ್ ಕಿತ್ತುಹೋದ ದಿನ ಯಾರೂ ಇರುವುದಿಲ್ಲ. ಯಂತ್ರ ಕೂರಿಸುವುದು ಒಂದು ದಿನದ ಕೆಲಸ, ಅದರಿಂದ ಭಾಷೆ ಕೂರಿಸುವುದು ವರ್ಷಗಳ ಕೆಲಸ, ಆ ಕೆಲಸ ಹೆಚ್ಚುಕಡಿಮೆ ಪೂರ್ತಿಯಾಗಿ ಅಮ್ಮನ ಹೆಗಲ ಮೇಲೆ ಬೀಳುತ್ತದೆ. ಬೆಳಗೆದ್ದು ಬ್ಯಾಟರಿ ನೋಡಿ, ಯಂತ್ರ ತೊಡಿಸಿ, ಬಾಯಿ ಮರೆಮಾಡಿಕೊಂಡು ಆರು ದನಿ ಕೇಳಿಸುತ್ತಾಳೆ: ಆ, ಈ, ಊ, ಮ್, ಶ್, ಸ್. ಒಂದೊಂದು ದನಿಗೂ ಮಗು ಒಂದೊಂದು ಮಣಿಯನ್ನು ಡಬ್ಬಿಗೆ ಹಾಕಬೇಕು. ‘ಸ್’ಗೆ ಮಣಿ ಬೀಳಲಿಲ್ಲ ಅಂದರೆ ಎಲ್ಲೋ ಏನೋ ಕೆಟ್ಟಿದೆ. ಕೂಸಿನ ಕಿವಿ ಬೆಳೆದಂತೆಲ್ಲ ಶ್ರವಣಸಾಧನದ ಅಚ್ಚು ಸಡಿಲವಾಗಿ ಕೀಂಯ್‌ಗುಟ್ಟುತ್ತದೆ, ಕೆಲವೇ ತಿಂಗಳಿಗೊಮ್ಮೆ ಹೊಸದು ಮಾಡಿಸಬೇಕು. ಕರಾವಳಿಯ ಸೆಖೆಗೆ ಬೆವರು ಇಳಿದು ಯಂತ್ರ ಕೆಡುತ್ತದೆ. ಇದಕ್ಕೆಲ್ಲ ಪ್ರತಿ ಸಲ ಬಸ್ಸು ಹತ್ತಿ, ಕೂಲಿ ಬಿಟ್ಟು, ಇಡೀ ದಿನ ಕಳೆದು ದೂರದ ಊರಿಗೆ ಬರಬೇಕೆಂದರೆ ಎಷ್ಟು ತಾಯಂದಿರು ಬಂದಾರು? ತಾಲ್ಲೂಕು ಆಸ್ಪತ್ರೆಯಲ್ಲಿ ಅಚ್ಚು ತೆಗೆಯುವವರು, ಮಾತು ಕಲಿಸುವವರು ಬೇಕು. ಬಿಡಿಭಾಗದ ಖರ್ಚನ್ನು ಯೋಜನೆಯೇ ಹೊರಬೇಕು.

ಯಂತ್ರ ಒಗ್ಗದ, ಯಂತ್ರ ಬೇಡವೆನ್ನುವ ಮನೆಗಳೂ ಇವೆ, ಅವರನ್ನು ದೂರ ತಳ್ಳುವ ಹಕ್ಕು ಯಾರಿಗೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂಜ್ಞಾ ಭಾಷೆಯನ್ನು ಗುರುತಿಸಿದೆ. ಸಂಜ್ಞೆ ಕಲಿಸಿದರೆ ಮಾತು ಬರುವುದಿಲ್ಲ ಎಂದು ತಾಯಂದಿರನ್ನು ಹೆದರಿಸುವುದು ಅನ್ಯಾಯ. ಮಗುವಿಗೆ ಬೇಕಾದದ್ದು ಭಾಷೆ, ಬೇಗ. ಕಿವಿಯಿಂದಲೋ ಕೈಯಿಂದಲೋ, ಎರಡರಿಂದಲೋ.

ಆರೋಗ್ಯ ಇಲಾಖೆಯನ್ನು ಕೇಳುವುದು ಇಷ್ಟು. ತಾಯಿ ಕಾರ್ಡಿನಲ್ಲಿ ತೂಕಕ್ಕೆ, ಚುಚ್ಚುಮದ್ದಿಗೆ ಇರುವ ಹಾಗೆ ಕಿವಿ ಪರೀಕ್ಷೆಗೂ ಒಂದು ಸಾಲು ಇರಲಿ: ಎಡಗಿವಿ, ಬಲಗಿವಿ, ತಾರೀಕು, ‘ರೆಫರ್’ ಆಗಿದ್ದರೆ ಮುಂದಿನ ಪರೀಕ್ಷೆ ಎಲ್ಲಿ, ಯಾವತ್ತು. ಎಷ್ಟು ಕೂಸುಗಳಿಗೆ ಪರೀಕ್ಷೆಯಾಯಿತು, ಎಷ್ಟು ಮರಳಿ ಬಂದವು, ಎಷ್ಟಕ್ಕೆ ಆರು ತಿಂಗಳೊಳಗೆ ನೆರವು ಸಿಕ್ಕಿತು ಎಂಬ ಲೆಕ್ಕ ಜಿಲ್ಲಾವಾರು ಪ್ರತಿ ವರ್ಷ ಮಾರ್ಚ್ 3ರಂದು, ವಿಶ್ವ ಶ್ರವಣ ದಿನ, ಜನರ ಮುಂದೆ ಬರಲಿ. ಜಾಥಾ ಬೇಡ, ಬಲೂನು ಬೇಡ, ಲೆಕ್ಕ ಕೊಡಿ. ಆಶಾ ಕಾರ್ಯಕರ್ತೆಗೆ ಈ ಕೆಲಸ ಹೊರಿಸುವಿರಾದರೆ ಅದಕ್ಕೆ ತಕ್ಕ ಸಂಭಾವನೆಯನ್ನೂ ಕೊಡಿ. ಅವಳ ಹೊರೆ ಈಗಾಗಲೇ ಸಾಕಷ್ಟಿದೆ.

ಖಾಸಗಿ ನರ್ಸಿಂಗ್ ಹೋಮ್‌ಗಳು ಇಲಾಖೆಯ ಆದೇಶಕ್ಕೆ ಕಾಯಬೇಕಾಗಿಲ್ಲ, ಕಾಯುವ ನೆಪವೂ ಅವಕ್ಕಿಲ್ಲ. ನೀವು ಅಜ್ಜನೋ ಅಜ್ಜಿಯೋ ಚಿಕ್ಕಪ್ಪನೋ ಆಗಿದ್ದರೆ, ಕೂಸನ್ನು ಮನೆಗೆ ಕರೆತರುವ ದಿನ ಬಿಲ್ ಕಟ್ಟುವ ಮೊದಲು ವಾರ್ಡಿನ ಸಿಸ್ಟರ್ ಹತ್ತಿರ ಹೋಗಿ. ಕಿವಿ ಪರೀಕ್ಷೆ ಆಗಿದೆಯಾ, ಎರಡೂ ಕಿವಿಯದಾ, ಕಾಗದ ಎಲ್ಲಿ ಎಂದು ಕೇಳಿ. ಇಲ್ಲಿ ಯಂತ್ರವಿಲ್ಲ ಎಂದರೆ ಹತ್ತಿರದಲ್ಲಿ ಎಲ್ಲಿದೆ ಎಂದು ಡಿಸ್ಚಾರ್ಜ್ ಚೀಟಿಯ ಮೇಲೇ ಬರೆಸಿಕೊಳ್ಳಿ. ಆರನೇ ವಾರದ ಚುಚ್ಚುಮದ್ದಿನೊಳಗೆ ಅಲ್ಲಿಗೆ ಹೋಗಿ ಬನ್ನಿ.