ಜಾಲತಾಣದ ಮೂಲವಿನ್ಯಾಸ

ಕಳೆದ ತಿಂಗಳು ನಮ್ಮ ಪೂರ್ವವಿದ್ಯಾರ್ಥಿನಿಯೊಬ್ಬಳು ಬಂದು, ಬಹಳ ಖಿನ್ನಳಾಗಿ ಒಂದು ಸಂಗತಿಯನ್ನು ಅರುಹಿದಳು. ಚಿಕ್ಕ ಊರೊಂದರ ಪುಸ್ತಕಭಂಡಾರಕ್ಕೆ ಆಕೆ ವರ್ಡ್‌ಪ್ರೆಸ್ಸಿನಲ್ಲಿ ಜಾಲತಾಣವನ್ನು ರಚಿಸಿಕೊಟ್ಟಿದ್ದಳು. ಕ್ರಯಕ್ಕೆ ದೊರೆತ ಥೀಮೊಂದನ್ನು ತಂದು, ಅದರ ಕಡತಗಳನ್ನೇ ಅಲ್ಲಲ್ಲಿ ತಿದ್ದಿ, ಗ್ರಂಥದಾನ ಮಾಡಿದ ಮಹನೀಯರ ಹೆಸರುಗಳನ್ನು ಪುಟದ ಅಡಿಭಾಗದ ಕಡತದೊಳಗೆ ಬರೆದಿದ್ದಳು. ಥೀಮಿನ ಹೊಸ ಆವೃತ್ತಿ ಬಂದಿದೆಯೆಂದು ಯಾರೋ ಗುಂಡಿಯನ್ನೊತ್ತಿದರು. ಹೊಸ ಕಡತಗಳು ಬಂದುವು. ಹಳೆಯವುಗಳೊಡನೆ ಹೆಸರುಗಳೂ ಅಳಿದುವು. ಪ್ರತಿಯನ್ನು ಇಟ್ಟಿರಲಿಲ್ಲ. ದಾನಿಗಳಲ್ಲಿ ಕೆಲವರು ಈಗ ಬದುಕಿಲ್ಲ. ಅವರ ಮಕ್ಕಳು ತಂದೆಯ ಹೆಸರನ್ನು ಹುಡುಕಿ, ಕಾಣದೆ, ಪತ್ರ ಬರೆದರಂತೆ.

ವಾಚಕರಲ್ಲಿ ಅನೇಕರಿಗೆ ಇದು ಅಪರಿಚಿತ ವಿಷಯವಾಗಿರಬಹುದಾದುದರಿಂದ ತುಸು ವಿವರಿಸುವೆವು. ವರ್ಡ್‌ಪ್ರೆಸ್ ಎಂಬುದು 2003ರಲ್ಲಿ ಮ್ಯಾಟ್ ಮುಲ್ಲನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬವರು ಹೊರತಂದ ತಂತ್ರಾಂಶ. ಇದರಲ್ಲಿ ಬರೆದ ಲೇಖನಗಳು ದತ್ತಸಂಚಯದಲ್ಲಿರುತ್ತವೆ. ಅವು ಕಾಣಿಸಿಕೊಳ್ಳುವ ರೂಪವು ಥೀಮಿನಲ್ಲಿರುತ್ತದೆ. ಅರ್ಥವೊಂದು ಕಡೆ, ಅಲಂಕಾರವೊಂದು ಕಡೆ. ಈ ವಿಭಾಗವು 2005ರ 1.5ನೆಯ ಆವೃತ್ತಿಯಲ್ಲಿ ಥೀಮುಗಳು ಬಂದಾಗ ಸ್ಪಷ್ಟವಾಯಿತು. ದಾನಿಗಳ ಹೆಸರುಗಳು ಅರ್ಥಕ್ಕೆ ಸೇರಿದುವು. ಅವನ್ನು ಅಲಂಕಾರದ ಪೆಟ್ಟಿಗೆಯಲ್ಲಿಟ್ಟುದೇ ಪ್ರಮಾದ.

ಹಾಗಾದರೆ ತಿದ್ದುವವರು ಏನು ಮಾಡತಕ್ಕದ್ದು? ಪರರ ಥೀಮನ್ನೇ ಆಶ್ರಯಿಸುವುದಾದರೆ, ಅದಕ್ಕೆ ಉಪಥೀಮೊಂದನ್ನು ಮಾಡಿ ತಿದ್ದುಪಡಿಗಳನ್ನು ಅದರಲ್ಲಿ ಇಡಬೇಕು. ಮೂಲವು ಬದಲಾದರೂ ಅವು ಉಳಿಯುವುವು. ಪದೇ ಪದೇ ತಾಣಗಳನ್ನು ಕಟ್ಟುವವರಿಗಾದರೋ ಸ್ವಂತ ಸ್ಟಾರ್ಟರ್ ಥೀಮೇ ಶ್ರೇಯಸ್ಕರ. ಇದು ತಂದೆಯಂತೆ ಬೆನ್ನ ಹಿಂದೆ ನಿಲ್ಲುವುದಿಲ್ಲ. ಪ್ರತಿಮಾಡಿಕೊಂಡು, ಹೆಸರು ಬದಲಿಸಿ, ಅಲ್ಲಿಂದ ಮುಂದಕ್ಕೆ ತನ್ನದೆಂದೇ ಬೆಳೆಸಬೇಕು. ಆಟೊಮ್ಯಾಟಿಕ್ ಸಂಸ್ಥೆಯವರು 2012ರಲ್ಲಿ ಪ್ರಕಟಿಸಿದ ಅಂಡರ್‌ಸ್ಕೋರ್ಸ್ ಇಂಥದು. ಬಣ್ಣವಿಲ್ಲ, ಆಭರಣವಿಲ್ಲ, ಬರಿಯ ಅಸ್ಥಿಪಂಜರ. ನಮ್ಮ ಶಿಷ್ಯೆ ಅದನ್ನು ನೋಡಿಕೊಂಡು ತನ್ನದನ್ನು ರಚಿಸಿದಳು.

ಅವಳು ತೋರಿಸಿದುದರಲ್ಲಿ ನಮಗೆ ಅತ್ಯಂತ ರುಚಿಸಿದುದು ಟೆಂಪ್ಲೇಟುಗಳ ಅನುಕ್ರಮ. ಲೇಖನವರ್ಗವೊಂದರ ಪುಟವನ್ನು ತೋರಿಸಬೇಕಾದಾಗ ಯಂತ್ರವು ಮೊದಲು ಆ ವರ್ಗದ ಹೆಸರನ್ನೇ ಹೊತ್ತ ಕಡತವನ್ನು ಹುಡುಕುವುದು. ಇಲ್ಲದಿದ್ದರೆ ಅದರ ಸಂಖ್ಯೆಯ ಕಡತವನ್ನು. ಅದೂ ಇಲ್ಲದಿದ್ದರೆ ಎಲ್ಲ ವರ್ಗಗಳಿಗೂ ಸಾಧಾರಣವಾದುದನ್ನು. ಬಳಿಕ ಆರ್ಕೈವ್ ಎಂಬುದನ್ನು. ಕಟ್ಟಕಡೆಗೆ ಇಂಡೆಕ್ಸ್ ಎಂಬುದನ್ನು. ಇದು ಉತ್ಸರ್ಗಾಪವಾದ ನ್ಯಾಯವಲ್ಲದೆ ಮತ್ತೇನು! ವಿಶೇಷವಿಧಿ ಇದ್ದಲ್ಲಿ ಸಾಮಾನ್ಯವಿಧಿ ಹಿಂದೆ ಸರಿಯುವುದೆಂದು ವ್ಯಾಕರಣದ ತರಗತಿಯಲ್ಲಿ ನಾವು ವರ್ಷವರ್ಷವೂ ಹೇಳುತ್ತಿದ್ದಾಗ ಆಕಳಿಸುತ್ತಿದ್ದವಳು ಇವಳೇ. ಆದುದರಿಂದ ಮೂಲವಿನ್ಯಾಸದಲ್ಲಿ ಸಾಮಾನ್ಯ ಕಡತಗಳು ಮಾತ್ರ ಸಾಕು. ಅಪವಾದಗಳನ್ನು ಆಯಾ ತಾಣದ ಅಗತ್ಯ ಕಂಡಾಗ ಸೇರಿಸಬೇಕು. ಮುಂದೆಂದೋ ಬೇಕಾದೀತೆಂದು ತುಂಬಿಟ್ಟ ಮೂಲವಿನ್ಯಾಸವು ಕೊಂಡ ಥೀಮಿನಷ್ಟೇ ಭಾರವಾಗುವುದೆಂದು ನಮ್ಮ ಅಭಿಪ್ರಾಯ.

2022ರ ಜನವರಿಯಲ್ಲಿ ಬಂದ 5.9ನೆಯ ಆವೃತ್ತಿಯಿಂದ ಬ್ಲಾಕ್ ಥೀಮುಗಳೆಂಬ ಬೇರೊಂದು ಪದ್ಧತಿಯೂ ನಡೆಯುತ್ತಿದೆ. ಅಲ್ಲಿ ಬಣ್ಣ, ಅಕ್ಷರಗಾತ್ರಗಳನ್ನು ಒಂದೇ ಕಡತದಲ್ಲಿ ನಿರೂಪಿಸಬಹುದು. ಅನುಕ್ರಮದ ನ್ಯಾಯವು ಅಲ್ಲಿಯೂ ಇದೇ.

ಇನ್ನು ಕನ್ನಡಿಗರು ಅವಶ್ಯವಾಗಿ ಗಮನಿಸಬೇಕಾದುದೊಂದುಂಟು. ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ವಿನ್ಯಾಸಗಳಲ್ಲಿ ಶೀರ್ಷಿಕೆಗಳ ಸಾಲಿನೆತ್ತರ ಬಹಳ ಇಕ್ಕಟ್ಟು. ನಮ್ಮ ‘ರಾಷ್ಟ್ರ’ದಲ್ಲಿ ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತು, ಮುಂದಿನ ಸಾಲಿನ ಗುಡಿಸು ಅದಕ್ಕೆ ತಾಗುವುದು, ಇಲ್ಲವೆ ಪೆಟ್ಟಿಗೆಯ ಅಂಚು ಅದನ್ನು ಕತ್ತರಿಸುವುದು. ಶಿಷ್ಯೆಯ ಮೊದಲ ಪ್ರತಿಯಲ್ಲಿ ಒತ್ತುಗಳು ಪಾದವಿಲ್ಲದೆ ನಿಂತಿದ್ದುವು. ನಾವು ಕನ್ನಡಕವನ್ನು ದೂಷಿಸಿದೆವು. ಈಗ ಅವಳು ಸಾಲಿನೆತ್ತರವನ್ನು ಮೂಲದಲ್ಲಿಯೇ ಹೆಚ್ಚಿಸಿದ್ದಾಳೆ. ‘ಮುಂದೆ ಓದಿ’ ಮೊದಲಾದ ಮಾತುಗಳನ್ನು ಅನುವಾದಕ್ಕೆ ಒದಗುವಂತೆ ಬರೆದಿದ್ದಾಳೆ.

ಪುಸ್ತಕಭಂಡಾರದ ತಾಣವು ಈ ಹೊಸ ವಿನ್ಯಾಸದಲ್ಲಿ ಮತ್ತೆ ತೆರೆದಿದೆ. ದಾನಿಗಳಿಗೆ ಈಗ ಪ್ರತ್ಯೇಕ ಪುಟವುಂಟು, ಅದು ದತ್ತಸಂಚಯದಲ್ಲಿದೆ. ಭಂಡಾರದ ದಾಖಲೆ ಪುಸ್ತಕದಿಂದ ಹಲವು ಹೆಸರುಗಳು ದೊರೆತಿವೆ. ಉಳಿದವುಗಳಿಗಾಗಿ ಹಳೆಯ ಗ್ರಂಥಗಳ ಮೊದಲ ಹಾಳೆಯ ಸಹಿಗಳನ್ನು ಓದಬೇಕಾಗಿದೆ. ಆ ಕೆಲಸವನ್ನು ನಾವು ವಹಿಸಿಕೊಂಡು ಪ್ರತಿ ಗುರುವಾರ ಹೋಗಿಬರುತ್ತಿದ್ದೇವೆ.