ತಾಳಿ ಕಟ್ಟಿಸಿಕೊಂಡವಳು ‘ಬೇಡ’ ಅನ್ನಬಾರದೆ?

ವಿಜಯಪುರ, ತಿಕೋಟಾ, ಬಬಲೇಶ್ವರದ ಅಕ್ಕ-ತಂಗಿಯರಲ್ಲಿ, ಅಣ್ಣ-ತಮ್ಮಂದಿರಲ್ಲಿ ವಿನಂತಿ

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂ ಅತ್ಯಾಚಾರ ಎಂದರೇನೆಂದು ಹೇಳುತ್ತದೆ. ಅದರ ಕೊನೆಗೆ ಒಂದು ವಿನಾಯಿತಿ ಇದೆ: ಹೆಂಡತಿಗೆ 18 ತುಂಬಿದ್ದರೆ ಗಂಡ ಬಲವಂತದಿಂದ ಕೂಡಿದರೂ ಅದು ಅತ್ಯಾಚಾರವಲ್ಲ. ಆ ವಿನಾಯಿತಿಯನ್ನು ತೆಗೆಯಬೇಕು ಎಂಬುದೇ ನಮ್ಮ ಬೇಡಿಕೆ.

ಎಸ್ಸೆಸ್ಸೆಲ್ಸಿ ಮುಗಿಯುವುದರೊಳಗೆ ಹುಡುಗಿಯನ್ನು ಸೋದರಮಾವನಿಗೆ ಕೊಟ್ಟು ನಿಶ್ಚಿಂತರಾಗುವ ಮನೆಗಳು ನಮ್ಮ ಭಾಗದಲ್ಲಿ ಇನ್ನೂ ಇವೆ. ಹದಿನೇಳರ ಹೆಂಡತಿಯನ್ನು ಗಂಡ ಬಲವಂತದಿಂದ ಕೂಡಿದರೆ ಅತ್ಯಾಚಾರ, ಮೇಲೆ ಪೋಕ್ಸೊ. ಆಕೆಗೆ ಹದಿನೆಂಟು ತುಂಬಿದ ಮರುದಿನ ಅದೇ ಗಂಡ ಅದೇ ಬಲವಂತ ಮಾಡಿದರೆ ಅತ್ಯಾಚಾರದ ಕಲಂ ಹಚ್ಚಲು ಬರುವುದಿಲ್ಲ. (ಬಾಲ್ಯವಿವಾಹವೇ ಅಸಿಂಧು ಎಂದು ನಮ್ಮ ರಾಜ್ಯದ 2016ರ ತಿದ್ದುಪಡಿ ಹೇಳುತ್ತದೆ, ನಿಜ. ಆ ವಾದ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತುವ ಹುಡುಗಿಯರು ಎಷ್ಟು ಮಂದಿ?)

‘ಗಂಡ-ಹೆಂಡಿರ ಕೋಣೆಯಲ್ಲಿ ಸರ್ಕಾರಕ್ಕೇನು ಕೆಲಸ?’ ಎನ್ನುವವರಿದ್ದಾರೆ. ಸರ್ಕಾರ ಆ ಕೋಣೆಗೆ ಹೊಕ್ಕು ಒಂದೂವರೆ ಶತಮಾನ ದಾಟಿತು. ಈ ವಿನಾಯಿತಿಗೆ ಹೆಂಡತಿಯ ವಯಸ್ಸಿನ ಮಿತಿ 1860ರಲ್ಲಿ 10 ಇತ್ತು. 1891ರಲ್ಲಿ 12, 1925ರಲ್ಲಿ 13, 1949ರಲ್ಲಿ 15 ಆಯಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 18ಕ್ಕೆ ಏರಿಸಿತು. 1891ರ ಕಾಯ್ದೆಯ ಹಿಂದೆ ಗಂಡನ ಬಲವಂತಕ್ಕೆ ಬಲಿಯಾದ ಕಲ್ಕತ್ತೆಯ ಹನ್ನೊಂದರ ಹುಡುಗಿ ಫೂಲ್‌ಮಣಿಯ ಸಾವಿತ್ತು. ಆಗ ವಿಜಾಪುರ ಮುಂಬೈ ಪ್ರಾಂತದಲ್ಲಿತ್ತು. ಅದೇ ಪ್ರಾಂತದ ಪುಣೆಯಲ್ಲಿ ಟಿಳಕರು ಆ ಕಾಯ್ದೆಯ ಮಸೂದೆಯನ್ನು ವಿರೋಧಿಸಿದರು. ಧರ್ಮಕ್ಕೆ, ಸಂಸಾರಕ್ಕೆ ಧಕ್ಕೆ ಎಂಬ ಕೂಗು ಅಂದೂ ಎದ್ದಿತ್ತು. ಹತ್ತರಿಂದ ಹದಿನೆಂಟಕ್ಕೆ ಬಂದರೂ ಮದುವೆ ಎಂಬ ಕಟ್ಟಳೆ ಮುರಿದು ಬೀಳಲಿಲ್ಲ.

ಸಂಸತ್ತಿಗೆ ಎರಡು ಸಲ ಅವಕಾಶ ಸಿಕ್ಕಿತು. 2013ರ ಜನವರಿಯಲ್ಲಿ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಈ ವಿನಾಯಿತಿ ರದ್ದಾಗಲಿ ಎಂದಿತು. ಅಪರಾಧ ಕಾನೂನಿನ ತಿದ್ದುಪಡಿ ಮಸೂದೆ ಪರಿಶೀಲಿಸಿದ ಸಂಸತ್ತಿನ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿ ಒಪ್ಪಲಿಲ್ಲ, ಕುಟುಂಬ ವ್ಯವಸ್ಥೆಯೇ ಒತ್ತಡಕ್ಕೆ ಸಿಲುಕುತ್ತದೆ ಎಂದಿತು. ಅದರ ಅಧ್ಯಕ್ಷರಾಗಿದ್ದ ವೆಂಕಯ್ಯ ನಾಯ್ಡು ಆಗ ರಾಜ್ಯಸಭೆಯಲ್ಲಿದ್ದದ್ದು ಕರ್ನಾಟಕದಿಂದ. 2023ರಲ್ಲಿ ಹೊಸ ಸಂಹಿತೆಯೂ ಇದೇ ಸ್ಥಾಯಿ ಸಮಿತಿಯ ಮುಂದೆ ಹೋಯಿತು. ವಿವಾಹದ ಪಾವಿತ್ರ್ಯ ಕಾಯಲು ವ್ಯಭಿಚಾರವನ್ನು ಮತ್ತೆ ಅಪರಾಧ ಮಾಡಿ ಎಂದು ಅದು ಶಿಫಾರಸು ಮಾಡಿತು. ಡಿಸೆಂಬರಿನಲ್ಲಿ ಸಂಹಿತೆ ಅಂಗೀಕಾರವಾದಾಗ ವಿನಾಯಿತಿ ಇದ್ದಲ್ಲೇ ಇತ್ತು.

ಅದೇ ಸಂಹಿತೆಯ 67ನೇ ಕಲಂ ಓದಿ. ಬೇರೆ ವಾಸಿಸುವ ಹೆಂಡತಿಯ ಮೇಲೆ ಗಂಡ ಬಲವಂತ ಮಾಡಿದರೆ 2ರಿಂದ 7 ವರ್ಷ ಶಿಕ್ಷೆ. ಅಂದರೆ ಹೆಣ್ಣುಮಗಳು ಗಂಟುಮೂಟೆ ಕಟ್ಟಿ ತವರಿಗೆ ಬಂದ ಮೇಲಷ್ಟೇ ಆಕೆಯ ‘ಬೇಡ’ಕ್ಕೆ ಬೆಲೆ. ಮನೆ ಮುರಿಯಬಾರದು ಎನ್ನುವ ಕಾನೂನೇ ಮನೆ ಬಿಟ್ಟು ಬಾ ಎನ್ನುತ್ತಿದೆ. ಮಕ್ಕಳಿಗಾಗಿ, ಅತ್ತೆ-ಮಾವನಿಗಾಗಿ ಹಲ್ಲು ಕಚ್ಚಿಕೊಂಡು ಅಲ್ಲೇ ಬಾಳುವವಳಿಗೆ ಇಲ್ಲದ ರಕ್ಷಣೆ ಇದು.

ದಾರಿ ತೋರಿಸಿದ್ದು ಕರ್ನಾಟಕವೇ. ಹೆಂಡತಿ ಕೊಟ್ಟ ದೂರಿನಲ್ಲಿ ಗಂಡನ ಮೇಲಿದ್ದ ಅತ್ಯಾಚಾರದ ಆರೋಪ ಕೈಬಿಡಲು ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ 2022ರ ಮಾರ್ಚ್ 23ರಂದು ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ ಆ ಪ್ರಕರಣಕ್ಕೆ ತಡೆ ಕೊಟ್ಟಿತಾದರೂ ಅಂದಿನ ರಾಜ್ಯ ಸರ್ಕಾರ ತೀರ್ಪಿನ ಪರವಾಗಿಯೇ ಪ್ರಮಾಣಪತ್ರ ಸಲ್ಲಿಸಿತು. ನೆರೆಯ ನೇಪಾಳದ ಸರ್ವೋಚ್ಚ ನ್ಯಾಯಾಲಯ 2002ರಲ್ಲೇ ಗಂಡನಿಗೆ ಈ ರಿಯಾಯಿತಿ ಇಲ್ಲ ಎಂದಿದೆ.

‘ಸುಳ್ಳು ಕೇಸು ಹಾಕುತ್ತಾರೆ.’ ಹಾಕುವವರು ಇರಬಹುದು. ಹೊಲದ ಬದುವಿನ ಜಗಳದಲ್ಲೂ ಸುಳ್ಳು ಕೇಸು ಬೀಳುತ್ತವೆ. ಅದಕ್ಕೆಂದು ಯಾರೂ ಕೋರ್ಟು ಮುಚ್ಚಿಸಿಲ್ಲ. ಸಾಕ್ಷಿ ತೂಗುವುದು ನ್ಯಾಯಾಧೀಶರ ಕೆಲಸ. ಅತ್ಯಾಚಾರಕ್ಕಿರುವ ಹತ್ತು ವರ್ಷದ ಕನಿಷ್ಠ ಶಿಕ್ಷೆ ಗಂಡನಿಗೆ ಹೆಚ್ಚಾಯಿತು ಎನ್ನುವವರ ಮಾತಿನಲ್ಲಿ ಹುರುಳಿದೆ. ಶಿಕ್ಷೆಯ ಪ್ರಮಾಣ ಚರ್ಚೆಯಾಗಲಿ. ಅಪರಾಧವೇ ಅಲ್ಲ ಎನ್ನುವುದು ಬೇಡ.

ಸ್ಥಾಯಿ ಸಮಿತಿ ಇದನ್ನು ಮತ್ತೆ ಕೈಗೆತ್ತಿಕೊಳ್ಳಲಿ ಎಂದು ನಮ್ಮ ಸಂಸದರಿಗೆ ಕಾಗದ ಬರೆಯಿರಿ. ಒಂದು ಪುಟ ಸಾಕು. ಮಹಿಳಾ ಸಂಘದ ಸಭೆಯಲ್ಲಿ ಓದಿ, ಸಹಿ ಹಾಕಿ ಕಳಿಸಿ. ಗಂಡಸರ ಸಹಿಯೂ ಬೇಕು.

ಕಾನೂನು ಬದಲಾಗುವವರೆಗೂ ಸುಮ್ಮನಿರಬೇಕಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯವೂ ಸೇರಿದೆ; ಮನೆ ಬಿಡದೆಯೇ ರಕ್ಷಣಾ ಆದೇಶ ಪಡೆಯಬಹುದು. ಸಿಡಿಪಿಒ ಕಚೇರಿಯಲ್ಲಿ ಅರ್ಜಿ ಕೊಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ. ಮಹಿಳಾ ಸಹಾಯವಾಣಿ 181. ತುರ್ತು ಇದ್ದರೆ 112.